ಕಪ್ಪೆ ರಕ್ತದ ಹುಳಕ್ಕೆ ಹೆದರಿ ಹೊಂಡಕ್ಕೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ

ಸಂಪಾದಕರಿಗೆ ನಮಸ್ಕಾರ,

ಕಪ್ಪೆ ರಕ್ತದಲ್ಲಿ ಪರಾವಲಂಬಿ ಹುಳಗಳಿರುತ್ತವೆ ಅನ್ನೋ ಸುದ್ದಿ ವಾಟ್ಸಾಪಿನಲ್ಲಿ ಸುತ್ತಾಡಿ ಹೋದ ವಾರ ನಮ್ಮೂರಿಗೂ ಬಂತು. ಮರುದಿನವೇ ಪಕ್ಕದ ತೋಟದವರು ಹೊಂಡಕ್ಕೆ ಬ್ಲೀಚಿಂಗ್ ಪೌಡರ್ ಸುರಿದರು. ಸಂಜೆ ನೋಡಿದರೆ ಗೊದಮೊಟ್ಟೆಗಳೆಲ್ಲ ಸತ್ತು ತೇಲುತ್ತಿದ್ದವು. "ಮಕ್ಕಳಿರೋ ಮನೆ ಮಾರಾಯ್ರೆ, ಸುಮ್ನೆ ಯಾಕೆ ರಿಸ್ಕು" ಅಂದರು.

ಹುಳ ಇರೋದು ಸುಳ್ಳಲ್ಲ, ಆದರೆ ಅವು ನಿಜವಾದ ಹುಳಗಳಲ್ಲ, ಒಂದೇ ಜೀವಕೋಶದ ಪರಾವಲಂಬಿಗಳು. ನಾನು ಬಿಎಸ್ಸಿ ಓದುವಾಗ ಕಪ್ಪೆ ಕೊಯ್ಯದೆ ಪ್ರಾಕ್ಟಿಕಲ್ ಮುಗಿಯುತ್ತಿರಲಿಲ್ಲ. ಒಮ್ಮೆ ಸ್ಲೈಡಿಗೆ ಒಂದು ಹನಿ ರಕ್ತ ಹಾಕಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ, ಕೆಂಪು ಕಣಗಳ ನಡುವೆ ಎಲೆಯಂಥದ್ದೊಂದು ಅಂಚಿನ ಪೊರೆಯನ್ನು ಅಲೆ ಅಲೆಯಾಗಿ ಆಡಿಸುತ್ತಾ ಅಕ್ಕಪಕ್ಕದ ಕಣಗಳನ್ನೆಲ್ಲ ತಳ್ಳಾಡುತ್ತಿತ್ತು. "ಟ್ರಿಪನೊಸೋಮ ಕಣಯ್ಯಾ" ಅಂದರು ಮೇಷ್ಟ್ರು. ಆ ಹೆಸರು ಹುಟ್ಟಿದ್ದೇ ಕಪ್ಪೆ ರಕ್ತದಿಂದ. 1843ರಲ್ಲಿ ಪ್ಯಾರಿಸ್ಸಿನಲ್ಲಿ ಗ್ರೂಬಿ ಅನ್ನೋ ವೈದ್ಯರು ಇದು ಬೈರಿಗೆ ಥರ ತಿರುಗೋದು ನೋಡಿ ಗ್ರೀಕಿನ ಬೈರಿಗೆಯ ಹೆಸರನ್ನೇ ಇಟ್ಟರು. ಅಂದಹಾಗೆ, ನಮ್ಮ ಟ್ರೇನಲ್ಲಿದ್ದ ಆ ಕಪ್ಪೆ ಚೆನ್ನಾಗಿ ತಿಂದುಂಡು ಗುಂಡಗಿತ್ತು.

ಕಾಡಿನ ಕಪ್ಪೆಗಳ ಕಥೆ ಬಹುಪಾಲು ಹೀಗೇ. ಟ್ರಿಪನೊಸೋಮ ಕೆರೆಯ ಜಿಗಣೆಯಿಂದ, ರಕ್ತ ಹೀರುವ ನೊಣಗಳಿಂದ ಬರುತ್ತೆ. ಕೆಲವು ಜಾತಿಯ ಸಣ್ಣ ನೊಣಗಳು ಗಂಡು ಕಪ್ಪೆಯ ಕೂಗನ್ನೇ ಹಿಡಿದು ಬರುತ್ತವೆ, ಪಾಪ ಅದು ಹೆಣ್ಣನ್ನು ಕರೆದರೆ ಬರೋದು ಇವು! ಹೆಪಟೋಜೂನ್ ಅನ್ನೋದು ಇನ್ನೊಂದು, ಅದು ಕೆಂಪು ಕಣದ ಒಳಗೇ ಹೊಕ್ಕು ಕೂರುತ್ತೆ. ಕೆನಡಾದ ಕಪ್ಪೆಗಳಲ್ಲಿ ನೋಡಿದಂತೆ ಅದು ಬರೋದು ಸೊಳ್ಳೆ ಕಚ್ಚಿ ಅಲ್ಲ, ಕಪ್ಪೆ ಸೊಳ್ಳೆಯನ್ನು ನುಂಗಿ. ಸ್ವಲ್ಪ ಇದ್ದರೆ ಕಪ್ಪೆ ಹೇಗೋ ಸಂಭಾಳಿಸಿಕೊಳ್ಳುತ್ತೆ. ತೀರಾ ಜಾಸ್ತಿಯಾದರೆ ಕೆಂಪು ಕಣ ನಾಶವಾಗಿ ರಕ್ತ ಕಡಿಮೆಯಾಗಬಹುದು, ಗೊದಮೊಟ್ಟೆಗಳು ಸಾಯಲೂಬಹುದು. ಮೊದಲೇ ಸೊರಗಿದ ಕಪ್ಪೆಗೆ ಕಷ್ಟ ಹೆಚ್ಚು.

ಕಪ್ಪೆ ಸೊರಗೋದು ಯಾಕೆ ಅಂತ ನಮ್ಮನ್ನೇ ಕೇಳಿಕೊಳ್ಳಬೇಕು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಡ್ರಮ್ಮು ತೊಳೆದ ನೀಲಿ ನೀರನ್ನು ಎಲ್ಲಿಗೆ ಬಿಡುತ್ತೇವೆ? ಹೊಂಡಕ್ಕೇ ಅಲ್ವಾ. ಅದರಲ್ಲಿರೋ ಮೈಲುತುತ್ತ ಗೊದಮೊಟ್ಟೆಗೆ ವಿಷ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದವನು, ಈಗ ಹೊಂಡದಿಂದ ದೂರ ಒಂದು ಗುಂಡಿ ತೋಡಿ ಅಲ್ಲಿಗೆ ಚೆಲ್ಲುತ್ತೇನೆ. ಒಂದು ತಾಸಿನ ಕೆಲಸ, ಅಷ್ಟೇ.

ಕಪ್ಪೆಯ ಈ ಟ್ರಿಪನೊಸೋಮ, ಹೆಪಟೋಜೂನ್ ಮನುಷ್ಯರಿಗೆ ಅಂಟೋದಿಲ್ಲ. ಇದನ್ನು ನಿಮ್ಮ ಕೃಷಿ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ, ಎರಡನೇ ಸಲದ ಔಷಧಿ ಹೊಡೆಯೋ ಮುಂಚೆ ಬಂದರೆ ಒಳ್ಳೆಯದು. ಪಕ್ಕದ ಮನೆಯವರೂ ನಿಮ್ಮ ಪೇಪರನ್ನೇ ತರಿಸೋದು.

– ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು