ಕಿರುಪರೀಕ್ಷೆಯ ಹೆಚ್ಚುವರಿ ಸಮಯದ ಬಗ್ಗೆ ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಕಿರುಪರೀಕ್ಷೆಯಲ್ಲಿ ಕೆಲವು ಮಕ್ಕಳಿಗೆ ಗಂಟೆಗೆ 15 ನಿಮಿಷ ಜಾಸ್ತಿ ಕೊಟ್ಟಿದ್ದೆವು. ಅದರ ಬಗ್ಗೆ ನಿಮ್ಮಲ್ಲಿ ಹಲವರು ಪ್ರಶ್ನೆ ಎತ್ತಿದ್ದೀರಿ. ಪೋಷಕರ ಸಭೆಯಲ್ಲಿ ಕೇಳಿದವರಿಗೆ ಅಲ್ಲೇ ಉತ್ತರ ಹೇಳಿದೆ. ಆದರೆ ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಮಾತು ಎಲ್ಲೆಲ್ಲಿಗೋ ಹೋಯಿತು. ‘ಅವರೇನು ದೊಡ್ಡವರ ಮಕ್ಕಳಾ’ ಎಂಬಲ್ಲಿಯವರೆಗೂ ಹೋಯಿತು. ಅದಕ್ಕೇ ಈ ಪತ್ರ.

ಕೈ ಮುರಿದುಕೊಂಡವರಿಗೆ, ಕಣ್ಣು ಮಂದ ಇರುವವರಿಗೆ ನಾವು ಮೊದಲಿನಿಂದಲೂ ಸಮಯ ಕೊಡುತ್ತಿದ್ದೇವೆ. ಯಾರೂ ಆಕ್ಷೇಪಿಸಿಲ್ಲ. ಈ ಸಲ ಮಾತು ಬಂದಿದ್ದು ಚಿಕ್ಕಂದಿನಲ್ಲಿ ಕ್ಯಾನ್ಸರ್ ಬಂದು, ಗುಣವಾಗಿ, ಈಗ ನಮ್ಮಲ್ಲಿ ಓದುತ್ತಿರುವ ಮಕ್ಕಳ ವಿಷಯದಲ್ಲಿ. ಅವರು ಯಾರು, ಎಷ್ಟು ಜನ, ಯಾವ ತರಗತಿ ಎಂದು ನಾನು ಹೇಳುವುದಿಲ್ಲ. ಇಷ್ಟನ್ನು ಬರೆಯಲೂ ಅವರ ಮನೆಯವರನ್ನು ಕೇಳಿಯೇ ಬರೆದಿದ್ದೇನೆ. ಬೇಡ ಎಂದ ಸಾಲುಗಳನ್ನು ತೆಗೆದಿದ್ದೇನೆ.

ಒಬ್ಬರು ತಮ್ಮ ಮಗುವಿನ ಬೆಂಚ್ ಬದಲಾಯಿಸಿ ಎಂದೂ ಕೇಳಿದರು. ಆ ಕಾಯಿಲೆಯ ಹೆಸರು ಕೇಳಿದರೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಕ್ಯಾನ್ಸರ್ ಅಂಟುವ ಕಾಯಿಲೆ ಅಲ್ಲ. ಬೆಂಚ್ ಬದಲಾಗುವುದಿಲ್ಲ.

ಇನ್ನು ಎಲ್ಲರ ಬಾಯಲ್ಲೂ ಬಂದ ಮಾತು: ‘ಈಗ ಚೆನ್ನಾಗೇ ಇದ್ದಾರಲ್ಲ ಮೇಡಂ, ಕೂದಲೂ ಬಂದಿದೆ, ಆಟಾನೂ ಆಡ್ತಾರೆ, ಮತ್ಯಾಕೆ ರಿಯಾಯಿತಿ?’ ನ್ಯಾಯವಾದ ಪ್ರಶ್ನೆಯೇ. ಹೌದು, ಚೆನ್ನಾಗಿದ್ದಾರೆ. ಕಾಯಿಲೆ ಹೋಗಿದೆ. ಆದರೆ ಅದನ್ನು ಓಡಿಸಿದ ಔಷಧಿಗಳು ಸಾಮಾನ್ಯದವಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಬರುವುದು ರಕ್ತದ ಕ್ಯಾನ್ಸರ್. ಅದರಲ್ಲೂ ಹೆಚ್ಚು ಕಾಣುವ ಬಗೆಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಅದರಲ್ಲಿ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಕೈಕಾಲಿನ ನರಗಳಿಗೆ ಪೆಟ್ಟು ಕೊಡುತ್ತದೆ. ಬಹಳಷ್ಟು ಮಕ್ಕಳಿಗೆ ಅದು ಸರಿಹೋಗುತ್ತದೆ. ಕೆಲವರಿಗೆ ಪೂರ್ತಿ ಹೋಗುವುದಿಲ್ಲ. ಪೆನ್ ಹಿಡಿದು ಎರಡು ಪುಟ ಬರೆಯುವಷ್ಟರಲ್ಲಿ ಬೆರಳು ಸೋಲುತ್ತದೆ. ಉತ್ತರ ತಲೆಯಲ್ಲಿ ಇರುತ್ತದೆ, ಕಾಗದಕ್ಕೆ ಇಳಿಯುವುದು ತಡ.

ತಲೆಗೆ ರೇಡಿಯೇಷನ್ ಆದ ಮಕ್ಕಳದ್ದು ಇನ್ನೊಂದು ಬಗೆ. ಬುದ್ಧಿಗೆ ಏನೂ ಕೊರತೆ ಕಾಣದಿದ್ದರೂ ಓದಿದ್ದನ್ನು ಹಿಡಿದು ಜೋಡಿಸುವ ವೇಗ ಕಡಿಮೆಯಾಗಬಹುದು. ಇದು ಚಿಕಿತ್ಸೆ ಮುಗಿದ ಮರುದಿನ ಕಾಣುವಂಥದ್ದಲ್ಲ. ಮೂರನೇ ತರಗತಿಯಲ್ಲಿ ಯಾರಿಗೂ ಕಾಣದ್ದು, ಪಾಠ ಉದ್ದವಾಗುತ್ತಾ ಹೋದಂತೆ ಏಳನೇ ತರಗತಿಯಲ್ಲಿ ಕಾಣುತ್ತದೆ. ‘ಮೊದಲು ಚೆನ್ನಾಗಿ ಓದುತ್ತಿದ್ದ, ಈಗ ಸೋಮಾರಿಯಾಗಿದ್ದಾನೆ’ ಎಂದು ಮನೆಯವರೂ ಬೈಯುವುದುಂಟು, ಶಿಕ್ಷಕರೂ ಬೈಯುವುದುಂಟು. ಸಿಸ್‌ಪ್ಲಾಟಿನ್ ಎಂಬ ಔಷಧಿ ಕಿವಿಯನ್ನು ಕೆಡಿಸಬಲ್ಲದು. ಮೊದಲು ಕೇಳದಾಗುವುದು ‘ಸ’ದಂಥ ಕೀರಲು ಸದ್ದುಗಳು. ಕರೆದರೆ ಓಗೊಡುವ ಮಗು ಉಕ್ತಲೇಖನದಲ್ಲಿ ‘ಸಾಲು’ ಎಂದರೆ ‘ಹಾಲು’ ಎಂದು ಬರೆಯುತ್ತದೆ. ಅಂಥವರನ್ನು ಮುಂದಿನ ಬೆಂಚಿನಲ್ಲಿ ಕೂರಿಸುವುದು ಮುದ್ದಿಗಲ್ಲ.

ಆಟದ ದಿನ ಕೆಲವರನ್ನು ಓಟಕ್ಕೆ ಬಿಡದೆ ಸುಮ್ನೆ ಕೂರಿಸಿದರು ಎಂಬ ಮಾತೂ ಬಂತು. ನಮ್ಮ ಪಿ.ಟಿ. ಸರ್ ವೈದ್ಯರು ಬರೆದುಕೊಟ್ಟಂತೆ ನಡೆದುಕೊಂಡರು. ಡಾಕ್ಸೊರುಬಿಸಿನ್‌ನಂಥ ಔಷಧಿ ಹೃದಯದ ಸ್ನಾಯುವನ್ನು ದುರ್ಬಲ ಮಾಡಬಹುದು, ಅದು ಎಷ್ಟೋ ವರ್ಷದ ಮೇಲೂ ಹೊರಬೀಳಬಹುದು. ಹಾಗಾಗಿಯೇ ಗುಣವಾದ ಮೇಲೂ ಆಗಾಗ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕಾಗುತ್ತದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 1991ರಲ್ಲೇ ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದು ಪ್ರತ್ಯೇಕ ಕ್ಲಿನಿಕ್ ತೆರೆಯಿತು. ‘ಮುಗೀತಲ್ಲ’ ಎಂದು ನಾವು ಅಂದುಕೊಳ್ಳುವುದು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ ಎಂದು ಅವರಿಗೆ ಆಗಲೇ ಗೊತ್ತಿತ್ತು. ತಪಾಸಣೆಗೆ ಹೋದ ದಿನದ ಗೈರುಹಾಜರಿಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಎಲ್ಲ ಮಕ್ಕಳೂ ಓಡಬಾರದು ಅಂತೇನಿಲ್ಲ. ವೈದ್ಯರು ಸರಿ ಎಂದವರು ಓಡುತ್ತಾರೆ. ಓಡಿದರೆ ಒಳ್ಳೆಯದೇ.

‘ಅಂಗವಿಕಲರ ಪ್ರಮಾಣಪತ್ರ ಇದೆಯಾ?’ ಎಂದು ಕೇಳಿದ್ದೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. ಕಿವಿ ಕೇಳಿಸದಿರುವುದು ಅದರಲ್ಲಿದೆ, ಕ್ಯಾನ್ಸರ್ ಇಲ್ಲ. ಹಾಗಾಗಿ ಎಷ್ಟೋ ಮಕ್ಕಳಿಗೆ ಕಷ್ಟ ಇರುತ್ತದೆ, ಆ ಪ್ರಮಾಣಪತ್ರ ಇರುವುದಿಲ್ಲ. ಮಂಡಳಿಯ ಪರೀಕ್ಷೆಗೆ ಮಂಡಳಿಯ ನಿಯಮವೇ ನಡೆಯುತ್ತದೆ, ಅಲ್ಲಿ ನನ್ನ ಮಾತು ನಡೆಯದು. ಶಾಲೆಯೊಳಗಿನ ಪರೀಕ್ಷೆಗೆ ವೈದ್ಯರ ಪತ್ರ ಮತ್ತು ತರಗತಿ ಶಿಕ್ಷಕರ ಅಭಿಪ್ರಾಯ ನೋಡಿ ನಾವೇ ತೀರ್ಮಾನಿಸುತ್ತೇವೆ.

ಮತ್ತೆ ಹೇಳುತ್ತೇನೆ, ಪ್ರಶ್ನೆಪತ್ರಿಕೆ ಒಂದೇ. ತಿದ್ದುವ ಕೈಯೂ ಒಂದೇ. ಉತ್ತರ ಗೊತ್ತಿಲ್ಲದವರಿಗೆ ಇನ್ನೊಂದು ಗಂಟೆ ಕೊಟ್ಟರೂ ಪೆನ್ ಕಚ್ಚುತ್ತಾ ಕೂತಿರುತ್ತಾರೆ, ಇದನ್ನು ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಅರ್ಧ ಅಂಕದಲ್ಲಿ ರ್‍ಯಾಂಕ್ ಹೋಯಿತು ಎಂದು ಬೇಸರ ಮಾಡಿಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ. ಮಗು ರಾತ್ರಿ ಎಲ್ಲ ಓದಿದ್ದನ್ನು ನೋಡಿದವರು ನೀವು. ಈ ಅವಧಿಯಿಂದ ರ್‍ಯಾಂಕ್ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುವುದಿಲ್ಲ. ಅಂಕ ನಿಮ್ಮ ಕೈಗೇ ಬರುತ್ತದೆ. ದೂರಿಗೆ ಹೆದರಿ ಹೀಗೆ ಮಾಡಿದರು ಅನ್ನಬಹುದು. ಸ್ವಲ್ಪ ಅದರಿಂದಲೂ ಹೌದು ಎಂದೇ ಇಟ್ಟುಕೊಳ್ಳಿ. ಹೆಚ್ಚುವರಿ ಸಮಯ ಮಾತ್ರ ಮುಂದುವರಿಯುತ್ತದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಆ ಮಕ್ಕಳು ಯಾರು ಎಂದು ನಿಮ್ಮ ಮಕ್ಕಳ ಬಾಯಿ ಬಿಡಿಸಬೇಡಿ.

ನಿಮ್ಮ ಮಗುವಿಗೂ ಇಂಥ ಚಿಕಿತ್ಸೆ ಆಗಿದ್ದು, ನಮಗೆ ತಿಳಿಸದೆ ಇದ್ದರೆ, ದಯವಿಟ್ಟು ಬಂದು ಹೇಳಿ. ಆಸ್ಪತ್ರೆಯವರು ಕೊಟ್ಟ ಚಿಕಿತ್ಸೆಯ ಸಾರಾಂಶದ ಪ್ರತಿ ತಂದರೆ ಅನುಕೂಲ, ಇಲ್ಲದಿದ್ದರೂ ಪರವಾಗಿಲ್ಲ. ಅದು ನನ್ನ ಬೀರುವಿನಲ್ಲೇ ಇರುತ್ತದೆ, ಕಚೇರಿಯ ಕಡತಕ್ಕೆ ಹೋಗುವುದಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನಾನು ಕೊಠಡಿಯಲ್ಲೇ ಸಿಗುತ್ತೇನೆ. ಈ ಪತ್ರದ ಬಗ್ಗೆ ಜಗಳ ಮಾಡಲು ಬರುವವರೂ ಅದೇ ಹೊತ್ತಿಗೆ ಬರಬಹುದು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ