ಬಲಗೈ ಹಾಕಿದ ಗಂಟು

ಭಾನುವಾರ ನಾನು ಮಾಡುತ್ತಿದ್ದ ಮರದ ಮಾಡೆಲ್ ದೋಣಿಗೆ ಕೊನೆಯ ಹಗ್ಗ ಕಟ್ಟಿದೆ. ಗಂಟು ಹಾಕಿದ್ದು ಬಲಗೈ. ಹದಿನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದಾಗ ಇದೇ ಕೈಗೆ ಚಮಚ ಹಿಡಿಯಲೂ ಆಗುತ್ತಿರಲಿಲ್ಲ. ಅದಕ್ಕೇ ಕೆಲವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು.

ದೋಣಿ ಯಾವುದು ಅಂತೀರಾ? ನಾರ್ವೆಯ 'ಆರ್‌ಎಸ್ 1 ಕಾಲಿನ್ ಆರ್ಚರ್'. ನಾನಿರುವ ಅಲ್ಲಿನ ಲಾರ್ವಿಕ್ ಊರಿನವರೇ ಆದ ಕಾಲಿನ್ ಆರ್ಚರ್ ಇದನ್ನು 1893ರಲ್ಲಿ ಕಟ್ಟಿದರು. ಧ್ರುವಯಾನಕ್ಕೆ ಹೋದ 'ಫ್ರಾಮ್' ಹಡಗೂ ಅವರದೇ. ಬಿರುಗಾಳಿಗೆ ಸಿಕ್ಕ ಮೀನುಗಾರರನ್ನು ಕಾಪಾಡಲೆಂದೇ ಮಾಡಿದ ದೋಣಿ. ಮೋಟಾರ್ ಇಲ್ಲ, ಬರೀ ಹಾಯಿ. 1894ರ ಮೇ ತಿಂಗಳಲ್ಲಿ, ತೀರಾ ಉತ್ತರದ ಹಾಮ್ನಿಂಗ್‌ಬರ್ಗ್‌ನಲ್ಲಿ, ಒಂದೇ ಬಿರುಗಾಳಿಯಲ್ಲಿ 36 ಜನರನ್ನು ಉಳಿಸಿತು. ಇವತ್ತಿಗೂ ತೇಲುತ್ತಿದೆ.

ಅಸಲಿಯದು ಸುಮಾರು 14 ಮೀಟರ್ ಉದ್ದ, ನನ್ನದು 70 ಸೆಂಟಿಮೀಟರ್. ಇದರ ಹಿಂಭಾಗವೂ ಮುಂಭಾಗದ ಹಾಗೇ ಚೂಪು. ಹಿಂದಿನಿಂದ ಬರುವ ಅಲೆ ಸೀಳಿಹೋಗಲಿ ಅಂತ. ಸಮುದ್ರದಲ್ಲಿ ಒಳ್ಳೆಯದೇ, ಆದರೆ ಮಾಡೆಲ್ ಮಾಡುವವನಿಗೆ ಪೀಕಲಾಟ! ಪ್ರತಿ ಮರದ ಪಟ್ಟಿಯನ್ನೂ ಎರಡೂ ತುದಿಗೆ ಸಣ್ಣಗೆ ಹೆರೆದು, ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ, ಅಂಟು ಒಣಗುವ ತನಕ ಬಟ್ಟೆ ಕ್ಲಿಪ್ಪು ಕಚ್ಚಿಸಿಡಬೇಕು. ಒಂದು ಪಟ್ಟಿಗೆ ಹತ್ತು ಹನ್ನೆರಡು ಕ್ಲಿಪ್ಪು.

ಆ ಕ್ಲಿಪ್ಪಿಗೇ ನನ್ನ ಮೊದಲ ಥ್ಯಾಂಕ್ಸ್. ಅಂದರೆ ನನ್ನ ಫಿಸಿಯೋಥೆರಪಿಸ್ಟ್‌ಗೆ. ಬೆರಳಿಗೆ ಬಲ ಬರಲಿ ಅಂತ ಅವರು ದಿನಾ ಕ್ಲಿಪ್ಪು ಒತ್ತಲು ಹೇಳುತ್ತಿದ್ದರು. ನಾನು ಬೇಜಾರಾಗಿ ತಪ್ಪಿಸಿಕೊಳ್ಳುತ್ತಿದ್ದೆ. ಅರ್ಧಕ್ಕೆ ನಿಂತ ದೋಣಿಯ ಸುದ್ದಿ ಕೇಳಿ, ಹಾಗಾದರೆ ಅದರ ಮೇಲೇ ಒತ್ತಿ ಅಂದರು. ಮೊದಲ ಪಟ್ಟಿಗೆ ನಾಲ್ಕು ದಿನ ಹಿಡಿಯಿತು. ಕೊನೆಯದಕ್ಕೆ ಅರ್ಧ ಗಂಟೆ.

ಎದುರು ಮನೆಯ ಅಜ್ಜ ಹಳೇ ಬಡಗಿ. ವಾರಕ್ಕೊಮ್ಮೆ ಬಂದು, ಕಾಫಿ ಕುಡಿಯುತ್ತಾ, ನಾನು ತಪ್ಪಾಗಿ ಅಂಟಿಸುವುದನ್ನು ನೋಡುತ್ತಿದ್ದರು. ಒಮ್ಮೆಯೂ ಕೊಡಿಲ್ಲಿ ಅನ್ನಲಿಲ್ಲ. ಬಡಗಿಗೆ ಅದು ಎಷ್ಟು ಕಷ್ಟ ಅಲ್ವಾ? ನನ್ನ ಹೆಂಡತಿಯದೂ ಇದೇ ಕಥೆ. ನನ್ನ ಕೈ ನಡುಗಿದಾಗೆಲ್ಲ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಆಗ ಸಿಟ್ಟು ಬರುತ್ತಿತ್ತು. ಈಗ ಅರ್ಥವಾಗಿದೆ, ಮಾರಾಯ್ತಿ.

ಸಾಗರದಿಂದ (ಊರು, ಸಮುದ್ರ ಅಲ್ಲ!) ಅಮ್ಮ ಅಪ್ಪನ ಹಳೇ ಪಂಚೆ ಕಳಿಸಿದ್ದರು. ಅದನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಥೇಟ್ ಹಳೇ ಹಾಯಿಯ ಬಣ್ಣ. ಹೊಲಿಗೆ ಮಾತ್ರ ಹೆಂಡತಿಯದು, ಅಷ್ಟು ಸೂಕ್ಷ್ಮ ನನಗಿನ್ನೂ ಬಂದಿಲ್ಲ.

ಕ್ಲಿಪ್ಪುಗಳನ್ನೆಲ್ಲ ವಾಪಸ್ ಕೊಟ್ಟಿದ್ದೇನೆ. ಎರಡು ಕಮ್ಮಿ ಇವೆಯಂತೆ. ದೋಣಿ ಅಲ್ಲಾಡಿಸಿದರೆ ಒಳಗೆ ಏನೋ ಕಟಕಟ ಅನ್ನುತ್ತಿದೆ.