ಡಿಸ್ಕ್ ಹೋಗಿದೆ ಅನ್ನುವ ಮುಂಚೆ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಆಗಾಗ ಅರ್ಧ ನಿಮಿಷ ಕಲ್ಲಾಗಿ ನಿಂತು, ಆಮೇಲೆ ಏನೂ ಆಗದ ಹಾಗೆ ಓಡಿದರೆ, ರಿಪೇರಿಗೆ ಬಂದವರು ಹೇಳುವುದು ಒಂದೇ ಮಾತು: 'ಡಿಸ್ಕ್ ಹೋಗಿದೆ, ಬದಲಾಯಿಸಿ'. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ರೈಟರಿಗೂ ಹೀಗೇ ಹೇಳಿದ್ದರು. ಆಳುಗಳ ಲೆಕ್ಕವೆಲ್ಲ ಆ ಹಳೇ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಮೆಷಿನ್‌ನಲ್ಲೇ ಇತ್ತು.

ಹಾಸನದಿಂದ ಹೋಗಿ, ಕಂಪ್ಯೂಟರ್ ತಾನೇ ಬರೆದಿಡುವ ಲಾಗ್ ನೋಡಿದೆ. 'ಲಾಸ್ಟ್ ಇಂಟರಪ್ಟ್, ಸ್ಟೇಟಸ್ 50' ಅಂತಿತ್ತು. ಇಂಟರಪ್ಟ್ ಅಂದರೆ 'ಇತ್ತ ನೋಡು' ಅಂತ ಡಿಸ್ಕಿನಂಥ ಭಾಗಗಳು ಪ್ರೊಸೆಸರಿಗೆ ಬಾರಿಸುವ ಗಂಟೆ, ಲಾಸ್ಟ್ ಅಂದರೆ ಅದು ಕಳೆದುಹೋಗಿದೆ. 50 ಅಂದರೆ ಡಿಸ್ಕ್ ಸಿದ್ಧ, ಕೈ ಖಾಲಿ, ದೋಷವಿಲ್ಲ. ರಾಗಿ ಬೀಸಲು ಕೊಟ್ಟು ಬಂದಿದ್ದೀರಿ, ಆದ ತಕ್ಷಣ ಫೋನ್ ಮಾಡ್ತೀನಿ ಅಂದ ಮಿಲ್ಲಿನವನ ಫೋನ್ ಬರಲೇ ಇಲ್ಲ, ಸಂಜೆ ನೀವೇ ಹೋಗಿ ನೋಡಿದರೆ ಹಿಟ್ಟಿನ ಚೀಲ ಕಟ್ಟಿಟ್ಟಿದೆ. ಮಿಲ್ಲು ಕೆಟ್ಟಿದೆ ಅಂತೀರಾ? ಇಲ್ಲೂ ಗಂಟೆ ಕೇಳಿಸದೆ ಡ್ರೈವರ್ (ಡಿಸ್ಕಿನಿಂದ ಕೆಲಸ ಮಾಡಿಸುವ ತಂತ್ರಾಂಶ) 30 ಸೆಕೆಂಡ್ ಕಾದು ತಾನೇ ಹೋಗಿ ನೋಡುತ್ತಿತ್ತು, ಅಷ್ಟೇ. ಬ್ಯಾಕಪ್ ತೆಗೆದು, ಕೇಬಲನ್ನು ಬೋರ್ಡಿನ ಎರಡನೇ ಪೋರ್ಟಿಗೆ ಹಾಕಿದೆ, ಅಂದರೆ 14ನೇ ಇಂಟರಪ್ಟ್ ಲೈನ್ ಬಿಟ್ಟು 15ನೆಯದು. ನಿಲ್ಲುವುದು ನಿಂತಿತು.

ಉಲ್ಟಾ ಕಾಯಿಲೆಯೂ ಇದೆ. ಒಂದೇ ಇಂಟರಪ್ಟ್ ಲೈನನ್ನು ನಾಲ್ಕು ಕಾರ್ಡ್ ಹಂಚಿಕೊಂಡಿರುತ್ತವೆ, ಯಾರದ್ದೋ ಗಂಟೆ ಸುಮ್ನೆ ಬಾರಿಸುತ್ತಲೇ ಇರುತ್ತದೆ. ಒಂದು ಲಕ್ಷದಲ್ಲಿ 99,900ಕ್ಕಿಂತ ಜಾಸ್ತಿ ಸಲ ಯಾರೂ 'ನಂದು' ಅನ್ನದಿದ್ದರೆ ಲಿನಕ್ಸ್ ಆ ಲೈನನ್ನೇ ಮುಚ್ಚಿಬಿಡುತ್ತದೆ. ಅದೇ ಲೈನಿನಲ್ಲಿದ್ದ ಪಾಪದ ಡಿಸ್ಕಿನ ಗಂಟೆಯೂ ಬಂದ್. ಆಗ 'ಐಆರ್‌ಕ್ಯೂ ಪೋಲ್' ಆಯ್ಕೆ (ಗಂಟೆಯನ್ನೇ ನಂಬದೆ ಎಲ್ಲರನ್ನೂ ಆಗಾಗ ಕೇಳಿ ನೋಡುವುದು) ಹಾಕಿ ಬೂಟ್ ಮಾಡಿದರೆ ನಿಧಾನವಾಗಿಯಾದರೂ ಕೆಲಸ ಸಾಗುತ್ತದೆ.

ನನ್ನ ತಕರಾರು ಪಾಠದ ಬಗ್ಗೆ. ನನ್ನ ಹತ್ತಿರ ಕಲಿಯಲು ಬರುವ ಎಂಜಿನಿಯರಿಂಗ್ ಹುಡುಗರು ಇಂಟರಪ್ಟ್ ಬಂತು ಅಂದರೆ ಕೆಲಸ ಮುಗಿಯಿತು, ಬರಲಿಲ್ಲ ಅಂದರೆ ಮುಗಿದಿಲ್ಲ ಅಂತಲೇ ಕೋಡ್ ಬರೆಯುತ್ತಾರೆ. ಟೈಮರ್ ಇಲ್ಲ, ಸ್ಟೇಟಸ್ ನೋಡುವುದೂ ಇಲ್ಲ. ನೋಡಿದರೂ ಹೊತ್ತಲ್ಲದ ಹೊತ್ತಿನಲ್ಲಿ. ಎಟಿಎ ಅನ್ನುವ ಹಳೇ ಜಾತಿಯ ಡಿಸ್ಕಿನಲ್ಲಿ ಸ್ಟೇಟಸ್ ರಿಜಿಸ್ಟರ್ (ಸ್ಥಿತಿ ತೋರಿಸುವ ಖಾನೆ) ಓದಿದರೆ ಕಾಯುತ್ತಿದ್ದ ಇಂಟರಪ್ಟೇ ಅಳಿಸಿಹೋಗುತ್ತದೆ. ಸುಮ್ನೆ ಇಣುಕಲು ಆಲ್ಟರ್ನೇಟ್ ಸ್ಟೇಟಸ್ ಅಂತ ಬೇರೆಯೇ ಖಾನೆ ಇದೆ. ಹಳೇ ಕಾಲದ ಕಥೆ ಅಂತ ತಳ್ಳಿಹಾಕುವ ಹಾಗೂ ಇಲ್ಲ, ಇವತ್ತಿನ ಎನ್‌ವಿಎಂಇ (ವೇಗದ ಎಸ್ಎಸ್‌ಡಿ ಡಿಸ್ಕುಗಳ) ಡ್ರೈವರ್ ಕೂಡ ಹೊತ್ತು ಮೀರಿದರೆ ಮೊದಲು ಕಂಪ್ಲೀಷನ್ ಕ್ಯೂ, ಅಂದರೆ ಮುಗಿದ ಕೆಲಸಗಳ ಪಟ್ಟಿ, ಇಣುಕಿ ನೋಡುತ್ತದೆ, ಆಮೇಲಷ್ಟೇ ರೀಸೆಟ್ ಮಾತು.

ಹಾಸನ, ಚಿಕ್ಕಮಗಳೂರಿನ ಲ್ಯಾಬ್‌ಗಳಲ್ಲಿ ಮೇಷ್ಟ್ರುಗಳು ಬೇಕಂತಲೇ ಒಂದು ಇಂಟರಪ್ಟ್ ನುಂಗಿಹಾಕಿ, ಹುಡುಗರ ಡ್ರೈವರ್ ಏನು ಮಾಡುತ್ತದೆ ನೋಡಲಿ. ಅರ್ಧ ದಿನದ ಕೆಲಸ, ಅಲ್ವಾ?

– ಒಬ್ಬ ಕಂಪ್ಯೂಟರ್ ರಿಪೇರಿಯವ, ಹಾಸನ